ಜರ್ಮನಿಯಲ್ಲಿ ಆರೋಗ್ಯ ವಿಮೆ: ಈ ತಿಂಗಳ ಕಂತಲ್ಲ, ಮುಂದೆ ಮುಚ್ಚುವ ಬಾಗಿಲು ನೋಡಿ

ಪ್ರಶ್ನೆ: ನನಗೆ 34 ವರ್ಷ. ಊರು ಶಿವಮೊಗ್ಗ, ಕೆಲಸ ಬೆಂಗಳೂರಿನಲ್ಲಿ. ಮ್ಯೂನಿಕ್‌ನ ಒಂದು ಸಾಫ್ಟ್‌ವೇರ್ ಕಂಪನಿ ವರ್ಷಕ್ಕೆ 82,000 ಯೂರೋ ಸಂಬಳದ ಆಫರ್ ಕೊಟ್ಟಿದೆ. ಹೆಂಡತಿಗೆ ಅಸ್ತಮಾ ಇದೆ, ಸದ್ಯಕ್ಕೆ ಅವಳು ಕೆಲಸ ಮಾಡುವುದಿಲ್ಲ. ನಾಲ್ಕು ವರ್ಷದ ಮಗಳಿದ್ದಾಳೆ, ಎರಡನೇ ಮಗುವಿನ ಯೋಚನೆಯೂ ಇದೆ. ಅಲ್ಲಿನ ಏಜೆಂಟ್ ಒಬ್ಬರು ‘ಖಾಸಗಿ ವಿಮೆ ತಗೊಳ್ಳಿ, ನಿಮ್ಮ ಪಾಲು ತಿಂಗಳಿಗೆ 290 ಯೂರೋ ಅಷ್ಟೇ. ಸಾರ್ವಜನಿಕ ವಿಮೆಗೆ ಹೋದರೆ 600ರ ಮೇಲಾಗುತ್ತೆ’ ಅನ್ನುತ್ತಿದ್ದಾರೆ. ಅಪ್ಪನಿಗೆ 64, ಸಕ್ಕರೆ ಕಾಯಿಲೆ, ಸ್ಟೆಂಟ್ ಹಾಕಿಸಿದ್ದೇವೆ. ಮುಂದೆ ಅಪ್ಪ ಅಮ್ಮನನ್ನೂ ಅಲ್ಲಿಗೆ ಕರೆಸಿಕೊಳ್ಳುವ ಆಸೆ. ಏನು ಮಾಡಲಿ?

ಉತ್ತರ: ಸಾರ್ವಜನಿಕ ವಿಮೆಗೆ ಸೇರಿ. ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಆ ಕೆಲಸ ಮುಗಿಸಿ. ನೀವು ಒಬ್ಬರೇ ಹೊರಟಿದ್ದರೆ, ಎರಡು ಮೂರು ವರ್ಷಕ್ಕೆ ವಾಪಸ್ ಬರುವುದು ಖಚಿತ ಎಂದಿದ್ದರೆ ನಾನು ಬೇರೆ ಮಾತು ಹೇಳುತ್ತಿದ್ದೆ. ನಿಮ್ಮ ಮನೆಯ ಚಿತ್ರ ನೋಡಿದರೆ ನನಗೆ ಅನುಮಾನವೇ ಇಲ್ಲ. ಕಾರಣ ಏನು ಅಂತ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಏಜೆಂಟ್ ಹೇಳಿದ ಲೆಕ್ಕ ಸುಳ್ಳಲ್ಲ. ಅದು ಅರ್ಧ ಲೆಕ್ಕ.

ಜರ್ಮನಿಯಲ್ಲಿ ಎರಡು ಬಗೆಯ ವಿಮೆ ಇದೆ. ಒಂದು ಸಾರ್ವಜನಿಕ. 1883ರಲ್ಲಿ ಬಿಸ್ಮಾರ್ಕ್ ಕಾಲದಲ್ಲಿ ಕಾರ್ಮಿಕರಿಗಾಗಿ ಶುರುವಾದದ್ದು, ಇವತ್ತು ಹತ್ತರಲ್ಲಿ ಸುಮಾರು ಒಂಬತ್ತು ಜನ ಅದರಲ್ಲೇ ಇದ್ದಾರೆ. ಇದನ್ನು ನಡೆಸುವುದು ಕ್ರಾಂಕನ್‌ಕಾಸೆ ಎಂಬ ಸಂಸ್ಥೆಗಳು. ಟೆಕ್ನಿಕರ್, ಎಒಕೆ, ಬಾರ್ಮರ್, ಡಿಎಕೆ ಹೀಗೆ ಹಲವು ಇವೆ. ಕಾನೂನು ಹೇಳಿದ ಸೌಲಭ್ಯ ಎಲ್ಲದರಲ್ಲೂ ಒಂದೇ, ವ್ಯತ್ಯಾಸ ಇರುವುದು ಚಿಲ್ಲರೆ ವಿಷಯಗಳಲ್ಲಿ. ಹಾಗಾಗಿ ಯಾವ ಕಾಸೆ ಅಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಇಂಗ್ಲಿಷ್‌ನಲ್ಲಿ ಫೋನ್ ಎತ್ತುವವರು ಇದ್ದಾರಾ ಅಂತ ನೋಡಿ, ಸೇರಿ. ಇಷ್ಟವಾಗದಿದ್ದರೆ 12 ತಿಂಗಳ ನಂತರ ಬದಲಿಸಬಹುದು.

ಇನ್ನೊಂದು ಖಾಸಗಿ. ಉದ್ಯೋಗಿಗಳಲ್ಲಿ ಇದಕ್ಕೆ ಹೋಗಲು ಅವಕಾಶ ಇರುವುದು ಒಂದು ಮಿತಿಗಿಂತ ಹೆಚ್ಚು ಸಂಬಳ ಇರುವವರಿಗೆ ಮಾತ್ರ. 2026ಕ್ಕೆ ಆ ಮಿತಿ ವರ್ಷಕ್ಕೆ 77,400 ಯೂರೋ. ನಿಮ್ಮ ಸಂಬಳ ಅದನ್ನು ದಾಟಿದೆ. ಅದಕ್ಕೇ ಏಜೆಂಟ್ ನಿಮ್ಮನ್ನು ಹುಡುಕಿಕೊಂಡು ಬಂದದ್ದು. ಖಾಸಗಿ ಪಾಲಿಸಿ ಮಾರಿದರೆ ಅವರಿಗೆ ಸಿಗುವ ಕಮಿಷನ್ ಸಾರ್ವಜನಿಕ ವಿಮೆಗೆ ಸೇರಿಸಿದರೆ ಸಿಗುವುದಿಲ್ಲ. ಅವರ ಮಾತು ಕೇಳುವಾಗ ಇಷ್ಟು ನೆನಪಿರಲಿ.

ಈಗ ಲೆಕ್ಕಕ್ಕೆ ಬರೋಣ. ಸಾರ್ವಜನಿಕ ವಿಮೆಯಲ್ಲಿ ಕಂತು ನಿಗದಿಯಾಗುವುದು ಸಂಬಳದ ಮೇಲೆ. ವಯಸ್ಸು, ಕಾಯಿಲೆ ಲೆಕ್ಕಕ್ಕಿಲ್ಲ. ಮೂಲ ದರ ಶೇ 14.6, ಅದರ ಮೇಲೆ ಪ್ರತಿ ಕಾಸೆ ತನ್ನ ಹೆಚ್ಚುವರಿ ದರ ಹಾಕುತ್ತದೆ. 2026ಕ್ಕೆ ಸರ್ಕಾರ ನಿಗದಿ ಮಾಡಿರುವ ಸರಾಸರಿ ಹೆಚ್ಚುವರಿ ದರ ಶೇ 2.9. ಒಟ್ಟು ಶೇ 17.5ರಲ್ಲಿ ಅರ್ಧ ನಿಮ್ಮದು, ಅರ್ಧ ಕಂಪನಿಯದು. ಎಷ್ಟೇ ಸಂಬಳ ಇದ್ದರೂ ವರ್ಷಕ್ಕೆ 69,750 ಯೂರೋವರೆಗಿನ ಭಾಗಕ್ಕೆ ಮಾತ್ರ ಕಂತು. ಇದರ ಜೊತೆ ಮುಪ್ಪಿನ ಆರೈಕೆಯ ವಿಮೆ ಅಂತ ಇನ್ನೊಂದು ಕಡ್ಡಾಯ ಇದೆ, ಒಂದು ಮಗು ಇರುವ ನಿಮಗೆ ಅದರಲ್ಲಿ ಶೇ 1.8. ಎರಡೂ ಸೇರಿ ನಿಮ್ಮ ಕೈಯಿಂದ ತಿಂಗಳಿಗೆ ಸುಮಾರು 610 ಯೂರೋ ಹೋಗುತ್ತದೆ. ಏಜೆಂಟ್ ಹೇಳಿದ್ದು ಇಲ್ಲಿಯವರೆಗೆ ಸರಿ.

ಅವರು ಬಿಟ್ಟದ್ದು ಇದು: ಆ 610 ಯೂರೋದಲ್ಲಿ ನಿಮ್ಮ ಹೆಂಡತಿ, ಮಗಳು, ಮುಂದೆ ಹುಟ್ಟುವ ಮಗು ಎಲ್ಲರೂ ಬರುತ್ತಾರೆ. ಒಂದು ಪೈಸೆ ಜಾಸ್ತಿ ಇಲ್ಲ. ಹೆಂಡತಿಯ ಸ್ವಂತ ಆದಾಯ ತಿಂಗಳಿಗೆ 565 ಯೂರೋ ದಾಟಬಾರದು, ಅಷ್ಟೇ ಷರತ್ತು. ಮಕ್ಕಳಿಗೆ 18ರವರೆಗೆ, ಓದುತ್ತಿದ್ದರೆ 25ರವರೆಗೆ. ಖಾಸಗಿಯಲ್ಲಿ ಒಬ್ಬೊಬ್ಬರಿಗೂ ಬೇರೆ ಪಾಲಿಸಿ, ಬೇರೆ ಕಂತು. 290 ಯೂರೋ ಅಂದದ್ದು ನಿಮ್ಮೊಬ್ಬರದು. ‘ಮೂವರಿಗೂ ಸೇರಿ, ಹೆಂಡತಿಯ ಅಸ್ತಮಾ ಬರೆದು, ಲಿಖಿತವಾಗಿ ದರ ಕೊಡಿ’ ಅಂತ ಕೇಳಿ ನೋಡಿ. ಕಂಪನಿ ಕೊಡುವ ಪಾಲಿಗೂ ಒಂದು ಗರಿಷ್ಠ ಮಿತಿ ಇದೆ, ಅದರ ಮೇಲಿನದ್ದೆಲ್ಲ ನಿಮ್ಮ ಜೇಬಿನಿಂದಲೇ.

ಅಸ್ತಮಾ ವಿಷಯ ಇಲ್ಲಿ ದೊಡ್ಡದು. ಖಾಸಗಿ ಕಂಪನಿ ಆರೋಗ್ಯದ ಪ್ರಶ್ನೆಗಳನ್ನು ಕೇಳಿಯೇ ಪಾಲಿಸಿ ಕೊಡುತ್ತದೆ. ಹಳೆ ಕಾಯಿಲೆ ಇದ್ದರೆ ಕಂತು ಏರಿಸಬಹುದು, ಆ ಕಾಯಿಲೆಯನ್ನು ಹೊರಗಿಡಬಹುದು, ಅಥವಾ ಪಾಲಿಸಿಯೇ ಕೊಡದೆ ಇರಬಹುದು. ‘ಸಣ್ಣದು ಬಿಡಿ, ಬರೆಯೋದು ಬೇಡ’ ಅಂತ ಯಾರಾದರೂ ಹೇಳಿದರೆ ಅವರ ಜೊತೆ ಮಾತು ಅಲ್ಲಿಗೇ ನಿಲ್ಲಿಸಿ. ಬೇಕೆಂದೇ ಮುಚ್ಚಿಟ್ಟದ್ದು ಗೊತ್ತಾದರೆ ಜರ್ಮನಿಯ ಕಾನೂನಿನಲ್ಲಿ ಕಂಪನಿ 10 ವರ್ಷದವರೆಗೂ ಕ್ರಮ ತೆಗೆದುಕೊಳ್ಳಬಹುದು. ಏಜೆಂಟ್ ಅಷ್ಟರಲ್ಲಿ ಎಲ್ಲೋ ಇರುತ್ತಾರೆ, ಆಸ್ಪತ್ರೆಯ ಬಿಲ್ಲು ನಿಮ್ಮ ಕೈಯಲ್ಲಿರುತ್ತದೆ. ಸಾರ್ವಜನಿಕ ವಿಮೆಯಲ್ಲಿ ಕಾಯಿಲೆ ಇದೆ ಅಂತ ಬೇಡ ಅನ್ನುವ ಹಾಗೇ ಇಲ್ಲ. ನಮ್ಮಲ್ಲಿನ ಹಾಗೆ ಹಳೆ ಕಾಯಿಲೆಗೆ ಕಾಯುವ ಅವಧಿಯೂ ಇಲ್ಲ. ಮೊದಲ ದಿನದಿಂದಲೇ ಅಸ್ತಮಾ ಚಿಕಿತ್ಸೆ ಸಿಗುತ್ತದೆ.

ಎರಡನೆಯದು, ಬಾಗಿಲಿನ ಮಾತು. ನಿಮ್ಮಂತೆ ಹೊರದೇಶದಿಂದ ಬಂದು, ಮಿತಿಗಿಂತ ಹೆಚ್ಚು ಸಂಬಳದಲ್ಲಿ ಜರ್ಮನಿಯ ಮೊದಲ ಕೆಲಸಕ್ಕೆ ಸೇರುವವರು ಸಾರ್ವಜನಿಕ ವಿಮೆಗೆ ಸ್ವಇಚ್ಛೆಯಿಂದ ಸೇರಬಹುದು. ಆದರೆ ಕೆಲಸ ಶುರುವಾದ ಮೂರು ತಿಂಗಳೊಳಗೆ ಅರ್ಜಿ ಹಾಕಬೇಕು. ಇದನ್ನು ಯಾರೂ ಕರೆದು ಹೇಳುವುದಿಲ್ಲ. ಮನೆ ಹುಡುಕಾಟ, ಶಾಲೆ, ಬ್ಯಾಂಕ್ ಖಾತೆ, ಊರಿನ ಕಚೇರಿಯಲ್ಲಿ ವಿಳಾಸ ನೋಂದಣಿ ಅಂತ ಮೂರು ತಿಂಗಳು ಕಳೆದದ್ದೇ ಗೊತ್ತಾಗದು. ಅವಧಿ ಮುಗಿದರೆ ಉಳಿಯುವುದು ಖಾಸಗಿ ಮಾತ್ರ.

ಖಾಸಗಿಗೆ ಹೋದ ಮೇಲೆ ವಾಪಸ್ ಬರಬಹುದಾ? 55 ವರ್ಷದೊಳಗೆ, ಸಂಬಳ ಮಿತಿಗಿಂತ ಕೆಳಗೆ ಬಂದರೆ ಬರಬಹುದು. ಮಿತಿ ವರ್ಷವರ್ಷ ಏರುತ್ತದೆ, ಹಾಗಾಗಿ ಒಂದು ವರ್ಷ ಮಿತಿಯೇ ನಿಮ್ಮ ಸಂಬಳವನ್ನು ದಾಟಲೂಬಹುದು. ಆಗ ‘ನನಗೆ ವಿನಾಯಿತಿ ಕೊಡಿ, ಖಾಸಗಿಯಲ್ಲೇ ಇರುತ್ತೇನೆ’ ಅಂತ ಅರ್ಜಿ ಹಾಕಿದರೆ ಅದನ್ನು ವಾಪಸ್ ಪಡೆಯಲು ಆಗುವುದಿಲ್ಲ. 55 ದಾಟಿದ ಮೇಲಂತೂ ಬಾಗಿಲು ಹೆಚ್ಚುಕಡಿಮೆ ಮುಚ್ಚಿದ ಹಾಗೆಯೇ. ಆ ವಯಸ್ಸಿನಲ್ಲಿ ಖಾಸಗಿ ಕಂತು ಮಾತ್ರ ಏರುತ್ತಾ ಇರುತ್ತದೆ.

ಮತ್ತೊಂದು ಸೂಕ್ಷ್ಮ ಇದೆ, ಇದರಲ್ಲಿ ಎಷ್ಟೋ ಸಂಸಾರಗಳು ಸಿಕ್ಕಿಕೊಂಡಿವೆ. ನೀವು ಖಾಸಗಿಯಲ್ಲಿದ್ದು, ಮುಂದೆ ಹೆಂಡತಿ ಕೆಲಸಕ್ಕೆ ಸೇರಿ ಸಾರ್ವಜನಿಕ ವಿಮೆಗೆ ಬಂದರು ಅಂದುಕೊಳ್ಳಿ. ಮಕ್ಕಳು ಅವರ ಜೊತೆ ಉಚಿತವಾಗಿ ಸೇರಬಹುದು ಅನ್ನಿಸುತ್ತೆ ಅಲ್ವಾ? ಆಗುವುದಿಲ್ಲ. ಖಾಸಗಿಯಲ್ಲಿರುವ ಗಂಡನ ಸಂಬಳ ಮಿತಿಗಿಂತಲೂ ಹೆಂಡತಿಯ ಸಂಬಳಕ್ಕಿಂತಲೂ ಹೆಚ್ಚಿದ್ದರೆ ಮಕ್ಕಳಿಗೆ ಆ ಉಚಿತ ಸೌಲಭ್ಯ ಇಲ್ಲ. ಅವರಿಗೂ ಬೇರೆ ಕಂತು ಕಟ್ಟಬೇಕು.

ಖಾಸಗಿ ವಿಮೆಯಲ್ಲಿ ಒಳ್ಳೆಯದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ತಜ್ಞ ವೈದ್ಯರ ಅಪಾಯಿಂಟ್‌ಮೆಂಟ್ ಬೇಗ ಸಿಗುತ್ತದೆ, ಅದು ನಿಜ. ಹಲ್ಲಿನ ಚಿಕಿತ್ಸೆಗೂ ಚೆನ್ನಾಗಿರುವ ಪಾಲಿಸಿಗಳಿವೆ. ಆದರೆ ಅಲ್ಲಿ ಸಾಮಾನ್ಯವಾಗಿ ಬಿಲ್ಲು ಮೊದಲು ನಿಮ್ಮ ಹೆಸರಿಗೇ ಬರುತ್ತದೆ, ನೀವು ಕ್ಲೇಮ್ ಮಾಡಿ ವಾಪಸ್ ಪಡೆಯಬೇಕು. ಹೊಸ ದೇಶ, ಹೊಸ ಭಾಷೆ, ಚಿಕ್ಕ ಮಗು. ಈ ಹೊತ್ತಿಗೆ ಅದು ಬೇಡದ ಹೊರೆ.

ಈಗ ಹೋಗುವ ದಿನದ ವಿಷಯ. ಸಾರ್ವಜನಿಕ ವಿಮೆ ಶುರುವಾಗುವುದು ಕೆಲಸದ ಮೊದಲ ದಿನ, ವಿಮಾನ ಇಳಿದ ದಿನವಲ್ಲ. ನಡುವಿನ ದಿನಗಳಿಗೆ ಬೇರೆ ವಿಮೆ ಬೇಕು, ವೀಸಾಕ್ಕೂ ಅದನ್ನು ಕೇಳುತ್ತಾರೆ. ಆ ಅಗ್ಗದ ಪಾಲಿಸಿಯನ್ನೇ ಮುಂದುವರಿಸೋಣ ಅನ್ನುವ ಯೋಚನೆ ಮಾತ್ರ ಬೇಡ. ಅದು ಕೆಲವು ವಾರಗಳ ಸೇತುವೆ, ಅಲ್ಲಿ ನೆಲೆಸಿ ಕೆಲಸ ಮಾಡುವವರಿಗೆ ಅದು ಸಾಲುವುದಿಲ್ಲ. ಕಾಸೆಯ ಅರ್ಜಿಯನ್ನು ಬೆಂಗಳೂರಿನಲ್ಲಿ ಕೂತೇ ಆನ್‌ಲೈನ್‌ನಲ್ಲಿ ಹಾಕಬಹುದು. ಹೆಂಡತಿ ಮಗಳ ಹೆಸರನ್ನು ಕುಟುಂಬದ ಅರ್ಜಿಯಲ್ಲಿ ಪ್ರತ್ಯೇಕವಾಗಿ ತುಂಬಬೇಕು, ಅದು ತಾನಾಗಿಯೇ ಸೇರುವುದಿಲ್ಲ. ಮದುವೆಯ ನೋಂದಣಿ ಪತ್ರ, ಮಗಳ ಜನನ ಪತ್ರ ಸಿದ್ಧ ಇಟ್ಟುಕೊಳ್ಳಿ. ಫೋಟೋ ಇರುವ ಕಾರ್ಡ್ ಅಂಚೆಯಲ್ಲಿ ಬರುವುದಕ್ಕೆ ಕೆಲವು ವಾರ ಹಿಡಿಯಬಹುದು. ಅಷ್ಟರೊಳಗೆ ಜ್ವರ ಬಂದರೆ ಹೆದರಬೇಡಿ. ಕಾಸೆಗೆ ಫೋನ್ ಮಾಡಿ ಬದಲಿ ಪತ್ರ ಕೇಳಿದರೆ ಕೊಡುತ್ತಾರೆ, ಡಾಕ್ಟರ್ ಅದನ್ನು ಒಪ್ಪುತ್ತಾರೆ.

ವಿಮೆ ಸಿಕ್ಕಿದ ಮೇಲೆ ಅದನ್ನು ಬಳಸುವುದೂ ಕಲಿಯಬೇಕಾದ ವಿಷಯವೇ. ನಮ್ಮಲ್ಲಿ ಎದೆನೋವು ಅಂದರೆ ನೇರ ಜಯದೇವ, ಕಿವಿ ನೋವು ಅಂದರೆ ಇಎನ್‌ಟಿ ಕ್ಲಿನಿಕ್. ಯಾವ ಡಾಕ್ಟರ್ ಬೇಕು ಅಂತ ನಾವೇ ತೀರ್ಮಾನ ಮಾಡಿ, ಟೋಕನ್ ತಗೊಂಡು ಕೂರುತ್ತೇವೆ. ಅಲ್ಲಿ ಮೊದಲು ಮನೆ ಹತ್ತಿರದ ಕುಟುಂಬ ವೈದ್ಯರ ಹತ್ತಿರ ಹೋಗುವುದು ರೂಢಿ. ಅವರು ಪತ್ರ ಬರೆದುಕೊಟ್ಟರೆ ತಜ್ಞರ ಹತ್ತಿರ ಹೋಗುತ್ತೀರಿ. ತಜ್ಞರ ಅಪಾಯಿಂಟ್‌ಮೆಂಟ್‌ಗೆ ವಾರಗಟ್ಟಲೆ, ಕೆಲವು ಸಲ ತಿಂಗಳುಗಟ್ಟಲೆ ಕಾಯಬೇಕು. ನಮ್ಮವರಿಗೆ ತುಂಬ ಸಿಟ್ಟು ಬರುವುದು ಇಲ್ಲೇ. ಪತ್ರದ ಮೇಲೆ ‘ತುರ್ತು’ ಸಂಕೇತ ಹಾಕಿಸಿಕೊಂಡರೆ 116117 ಎಂಬ ಫೋನ್ ನಂಬರಿನ ವೈದ್ಯಕೀಯ ಸೇವೆಯ ಮೂಲಕ ನಾಲ್ಕು ವಾರದೊಳಗೆ ಒಬ್ಬ ತಜ್ಞರನ್ನು ಹುಡುಕಿಕೊಡುತ್ತಾರೆ. ಅವರು ಹೇಳಿದ ಡಾಕ್ಟರ್, ಅವರು ಹೇಳಿದ ಸಮಯ. ಆದರೂ ಉಪಯೋಗಕ್ಕೆ ಬರುತ್ತದೆ.

ಹುಷಾರಾಗಿರುವಾಗಲೇ ಕುಟುಂಬ ವೈದ್ಯರನ್ನು ಹುಡುಕಿಕೊಳ್ಳಿ. ಎಷ್ಟೋ ಕಡೆ ‘ಹೊಸಬರನ್ನು ತಗೊಳ್ಳುತ್ತಿಲ್ಲ’ ಅನ್ನುತ್ತಾರೆ. ಮಕ್ಕಳ ಡಾಕ್ಟರ್ ಸಿಗುವುದು ಇನ್ನೂ ಕಷ್ಟ. ಮನೆ ಸಿಕ್ಕಿದ ವಾರವೇ ಹತ್ತಿರದ ನಾಲ್ಕೈದು ಕಡೆ ಫೋನ್ ಮಾಡಿ.

ಎರಡು ಫೋನ್ ನಂಬರ್‌ಗಳನ್ನು ಹೆಂಡತಿಗೂ ಹೇಳಿಕೊಡಿ. ಜೀವಕ್ಕೆ ಅಪಾಯ ಅನ್ನುವ ಹಾಗಿದ್ದರೆ 112: ಎದೆನೋವು, ಪಾರ್ಶ್ವವಾಯು, ಪಂಪ್ ಎಳೆದರೂ ನಿಲ್ಲದ ಉಬ್ಬಸ. ರಾತ್ರಿ ಅಥವಾ ಭಾನುವಾರ ಜ್ವರ, ವಾಂತಿ, ಬೆಳಗಿನವರೆಗೆ ಕಾಯಲಾಗದು ಆದರೆ ಪ್ರಾಣಾಪಾಯ ಇಲ್ಲ ಅಂದರೆ 116117. ಇಂಥದ್ದಕ್ಕೆಲ್ಲ ನೇರ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋದರೆ ಗಂಟೆಗಟ್ಟಲೆ ಕೂರಿಸುತ್ತಾರೆ. ಅಲ್ಲಿ ಕರೆಯುವುದು ಬಂದ ಸಾಲಿನಲ್ಲಲ್ಲ, ಕಾಯಿಲೆಯ ತೀವ್ರತೆ ನೋಡಿ.

ಖರ್ಚಿನ ವಿಷಯ ಸುಲಭ. ಡಾಕ್ಟರ್ ಹತ್ತಿರ ಹೋದರೆ ಕಾರ್ಡ್ ತೋರಿಸಿದರೆ ಸಾಕು. ಒಪಿಡಿ ಬೇರೆ, ಅಡ್ಮಿಟ್ ಬೇರೆ ಅನ್ನುವ ಭೇದ ಇಲ್ಲ. ಡಾಕ್ಟರ್ ಬರೆದ ಔಷಧಿಗೆ ಬೆಲೆಯ ಶೇ 10, ಕನಿಷ್ಠ 5, ಗರಿಷ್ಠ 10 ಯೂರೋ ನಿಮ್ಮದು. ಆಸ್ಪತ್ರೆಯಲ್ಲಿ ದಿನಕ್ಕೆ 10 ಯೂರೋ, ವರ್ಷಕ್ಕೆ 28 ದಿನದವರೆಗೆ ಮಾತ್ರ. 18ರೊಳಗಿನ ಮಕ್ಕಳಿಗೆ ಇದೆರಡೂ ಇಲ್ಲ. ದೊಡ್ಡವರ ಕನ್ನಡಕ ಮತ್ತು ಹಲ್ಲಿನ ಕ್ಯಾಪ್‌ಗೆ ಮಾತ್ರ ಕೈಯಿಂದ ಜಾಸ್ತಿ ಹೋಗುತ್ತದೆ. ಹಲ್ಲು ತೋರಿಸುವುದಿದ್ದರೆ ಬೆಂಗಳೂರಿನಲ್ಲೇ ಮುಗಿಸಿಕೊಂಡು ಹೋಗಿ.

ಹೆಂಡತಿಯ ಅಸ್ತಮಾಕ್ಕೆ ಒಂದು ತಯಾರಿ ಬೇಕು. ಭಾರತದ ಚೀಟಿ ಅಲ್ಲಿನ ಔಷಧಿ ಅಂಗಡಿಯಲ್ಲಿ ನಡೆಯುವುದಿಲ್ಲ, ಪಂಪ್‌ಗೆ ಅಲ್ಲಿನ ಡಾಕ್ಟರ್ ಚೀಟಿಯೇ ಬೇಕು. ಅಸ್ತಾಲಿನ್ ಅಂದರೆ ಅವರಿಗೆ ತಿಳಿಯದು, ಸಾಲ್ಬ್ಯುಟಮಾಲ್ ಅಂದರೆ ತಕ್ಷಣ ತಿಳಿಯುತ್ತದೆ. ಈಗ ನೋಡುತ್ತಿರುವ ಡಾಕ್ಟರ್ ಹತ್ತಿರ ಒಂದು ಪುಟದ ಪತ್ರ ಬರೆಸಿಕೊಳ್ಳಿ: ಯಾವಾಗಿಂದ ಅಸ್ತಮಾ, ಯಾವ ಔಷಧಿಯ ಮೂಲ ಹೆಸರು, ಎಷ್ಟು ಡೋಸ್, ಯಾವುದಕ್ಕೆ ಅಲರ್ಜಿ. ಹೋಗುವಾಗ ಮೂರು ತಿಂಗಳಿಗಾಗುವಷ್ಟು ಔಷಧಿ ಆ ಪತ್ರದ ಜೊತೆ ಕೈಚೀಲದಲ್ಲೇ ಇರಲಿ. ಅಸ್ತಮಾ, ಸಕ್ಕರೆ ಕಾಯಿಲೆ ಇರುವವರಿಗೆ ಕಾಸೆಗಳು ನಿಯಮಿತ ತಪಾಸಣೆಯ ವಿಶೇಷ ಕಾರ್ಯಕ್ರಮ ನಡೆಸುತ್ತವೆ. ಕುಟುಂಬ ವೈದ್ಯರನ್ನು ಕೇಳಿ ಸೇರಿಸಿ, ಅದರಿಂದ ನಿಜವಾಗಿ ಪ್ರಯೋಜನ ಇದೆ.

ಮಗಳ ಲಸಿಕೆಯ ದಾಖಲೆ, ತಾಯಿ ಕಾರ್ಡ್ ಇದ್ದರೆ ಅದೂ ಸೇರಿ, ಮರೆಯದೆ ತಗೊಂಡು ಹೋಗಿ. 2020ರ ಮಾರ್ಚ್‌ನಿಂದ ಅಲ್ಲಿ ದಡಾರದ ಲಸಿಕೆ ತೋರಿಸದೆ ಶಿಶುವಿಹಾರಕ್ಕೆ ಸೇರಿಸಿಕೊಳ್ಳುವುದಿಲ್ಲ. ಕನ್ನಡದಲ್ಲಿ ಬರೆದ ಕಡೆಗಳನ್ನು ಇಲ್ಲಿನ ಮಕ್ಕಳ ಡಾಕ್ಟರ್ ಹತ್ತಿರ ಇಂಗ್ಲಿಷ್‌ನಲ್ಲಿ ಬರೆಸಿ ಸೀಲ್ ಹಾಕಿಸಿಕೊಳ್ಳಿ.

ಎರಡನೇ ಮಗುವಿನ ವಿಷಯಕ್ಕೆ ಒಂದೇ ಎಚ್ಚರಿಕೆ: ಗರ್ಭಿಣಿ ಎಂದು ಗೊತ್ತಾದ ವಾರವೇ ಸೂಲಗಿತ್ತಿಯನ್ನು ಹುಡುಕಲು ಶುರುಮಾಡಿ. ಅಲ್ಲಿ ಅವರು ತರಬೇತಿ ಪಡೆದ ವೃತ್ತಿಪರರು. ಹೆರಿಗೆಯ ನಂತರ ಮೊದಲ ಹತ್ತು ದಿನ ಬೇಕಿದ್ದರೆ ದಿನವೂ ಮನೆಗೆ ಬಂದು ತಾಯಿ ಮಗುವನ್ನು ನೋಡುತ್ತಾರೆ, ಆಮೇಲೂ ಹನ್ನೆರಡು ವಾರದವರೆಗೆ ಬರುತ್ತಾರೆ. ಖರ್ಚು ವಿಮೆಯದು. ಅಮ್ಮ, ಅತ್ತೆ ಹತ್ತಿರ ಇಲ್ಲದ ಬಾಣಂತಿಗೆ ಇದಕ್ಕಿಂತ ದೊಡ್ಡ ಆಸರೆ ಇಲ್ಲ. ಆದರೆ ಮ್ಯೂನಿಕ್‌ನಂಥ ಊರಿನಲ್ಲಿ ತಡ ಮಾಡಿದರೆ ಯಾರೂ ಸಿಗುವುದಿಲ್ಲ.

ಕೆಲಸ ಹೋದರೆ? ಒಂದು ವರ್ಷ ಕೆಲಸ ಮಾಡಿದ್ದರೆ ನಿರುದ್ಯೋಗ ಭತ್ಯೆ ಸಿಗುತ್ತದೆ, ಅದು ಸಿಗುವಷ್ಟು ದಿನ ವಿಮೆಯ ಕಂತನ್ನೂ ಸರ್ಕಾರಿ ಉದ್ಯೋಗ ಕಚೇರಿಯೇ ಕಟ್ಟುತ್ತದೆ. ವರ್ಷದೊಳಗೆ ಹೋದರೆ ಕಂತು ನಿಮ್ಮದೇ. ಆಗ ತಕ್ಷಣ ಕಾಸೆಗೆ ತಿಳಿಸಿ, ಆದಾಯ ಇಲ್ಲ ಎಂಬ ದಾಖಲೆ ಕೊಡಿ. ಸುಮ್ನೆ ಕೂತರೆ ಅವರು ಗರಿಷ್ಠ ದರದಲ್ಲೇ ಬಿಲ್ಲು ಕಳಿಸುತ್ತಾರೆ.

ಕೊನೆಗೆ ಅಪ್ಪ ಅಮ್ಮನ ವಿಷಯ. ಇದನ್ನು ಮನಸ್ಸು ಗಟ್ಟಿ ಮಾಡಿಕೊಂಡು ಹೇಳಬೇಕಾಗಿದೆ. 2024ರ ಮಾರ್ಚ್ 1ರಿಂದೀಚೆಗೆ ಮೊದಲ ಸಲ ಬ್ಲೂ ಕಾರ್ಡ್‌ನಂಥ, ಅಂದರೆ ನುರಿತ ವಿದೇಶಿ ಉದ್ಯೋಗಿಗಳಿಗೆ ಕೊಡುವ ವಾಸದ ಪರವಾನಗಿ ಪಡೆದವರು ತಂದೆ ತಾಯಿಯನ್ನು ಕರೆಸಿಕೊಳ್ಳಬಹುದು ಎಂದು ಜರ್ಮನಿಯ ಕಾನೂನು ಬದಲಾಗಿದೆ. ಸುದ್ದಿ ಕೇಳಿ ಎಷ್ಟೋ ಮಕ್ಕಳು ಊರಿಗೆ ಫೋನ್ ಮಾಡಿ ಮಾತು ಕೊಟ್ಟುಬಿಟ್ಟಿದ್ದಾರೆ. ಕಷ್ಟ ಇರುವುದು ಷರತ್ತಿನಲ್ಲಿ: ಅವರ ಜೀವನದ ಖರ್ಚಿಗೂ ಪೂರ್ಣ ಆರೋಗ್ಯ ವಿಮೆಗೂ ನೀವು ವ್ಯವಸ್ಥೆ ತೋರಿಸಬೇಕು. ನಿಮ್ಮ ಕುಟುಂಬದ ಉಚಿತ ವಿಮೆಯಲ್ಲಿ ತಂದೆ ತಾಯಿಗೆ ಜಾಗ ಇಲ್ಲ. 55 ದಾಟಿ ಹೊಸದಾಗಿ ಬಂದವರಿಗೆ ಸಾರ್ವಜನಿಕ ವಿಮೆಯ ಬಾಗಿಲು ತೆರೆಯುವುದಿಲ್ಲ. ಉಳಿದದ್ದು ಖಾಸಗಿ. 64 ವರ್ಷ, ಸಕ್ಕರೆ ಕಾಯಿಲೆ, ಸ್ಟೆಂಟ್ ಅಂದರೆ ಪಾಲಿಸಿ ಸಿಗುವುದೇ ಕಷ್ಟ, ಸಿಕ್ಕರೂ ಕಂತು ತುಂಬ ಭಾರ. ಹಾಗಾಗಿ ಅಪ್ಪನ ಕಾಯಿಲೆಗಳನ್ನೆಲ್ಲ ಬರೆದು ಮೊದಲು ವಿಮೆಯ ದರ ಕೇಳಿ. ಉತ್ತರ ಕೈಗೆ ಬರುವವರೆಗೆ ಮನೆ ಮಾರುವುದು, ಬಾಡಿಗೆಗೆ ಕೊಡುವುದು ಇಂಥ ಮಾತು ಬೇಡ.

ಬಂದು ಹೋಗುವುದಕ್ಕೆ ಅಡ್ಡಿ ಇಲ್ಲ. ಷೆಂಗೆನ್ ವೀಸಾದಲ್ಲಿ (ಯೂರೋಪಿನ ಹಲವು ದೇಶಗಳಿಗೆ ನಡೆಯುವ, ಸ್ವಲ್ಪ ದಿನದ ಭೇಟಿಯ ವೀಸಾ) 180 ದಿನಕ್ಕೆ 90 ದಿನ ಇರಬಹುದು, ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಬೇಕು. ಅಗ್ಗ ಅಂತ ಮೊದಲು ಕಂಡದ್ದನ್ನು ತಗೋಬೇಡಿ. ಇಂಥ ಪಾಲಿಸಿಗಳು ಸಾಮಾನ್ಯವಾಗಿ ಹಳೆ ಕಾಯಿಲೆಯನ್ನು ಹೊರಗಿಡುತ್ತವೆ. ಅಪ್ಪನಿಗೆ ಅಲ್ಲಿ ಹೃದಯದ ತೊಂದರೆ ಮರುಕಳಿಸಿದರೆ ‘ಇದು ಹಳೆಯದು’ ಎನ್ನುವ ಉತ್ತರ ಬರಬಹುದು. ಹಳೆ ಕಾಯಿಲೆಯಿಂದ ಪ್ರಾಣಾಪಾಯ ಬಂದರೆ ಚಿಕಿತ್ಸೆ ಕೊಡುತ್ತೇವೆ ಎಂದು ಬರೆದಿರುವ ಪಾಲಿಸಿಯನ್ನೇ ಹುಡುಕಿ, ಎಷ್ಟು ಮೊತ್ತದವರೆಗೆ ಅಂತಲೂ ಓದಿ.

ಅವರ ನಿಜವಾದ ರಕ್ಷಣೆ ಇಲ್ಲಿನ ಪಾಲಿಸಿಯೇ. ಈಗ ಅವರು ನಿಮ್ಮ ಕಂಪನಿಯ ಗ್ರೂಪ್ ವಿಮೆಯಲ್ಲಿದ್ದಾರಾ? ಬೆಂಗಳೂರಿನ ಐಟಿ ಮಂದಿಯಲ್ಲಿ ಬಹಳ ಮನೆಗಳಲ್ಲಿ ಹಾಗೇ ಇರುತ್ತದೆ. ಇದ್ದರೆ, ನೀವು ಕೆಲಸ ಬಿಟ್ಟ ದಿನ ಅಪ್ಪ ಅಮ್ಮನ ವಿಮೆಯೂ ಹೋಗುತ್ತದೆ. ಮಗ ಜರ್ಮನಿಯ ವಿಮೆಯ ಬಗ್ಗೆ ತಿಂಗಳುಗಟ್ಟಲೆ ಓದಿರುತ್ತಾನೆ, ಇದು ಮಾತ್ರ ಕಣ್ಣಿಗೆ ಬಿದ್ದಿರುವುದಿಲ್ಲ. ರಾಜೀನಾಮೆ ಕೊಡುವ ಮೊದಲೇ ಎಚ್‌ಆರ್ ಮತ್ತು ವಿಮಾ ಕಂಪನಿ ಇಬ್ಬರನ್ನೂ ಕೇಳಿ: ಅದೇ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಡುತ್ತೀರಾ, ಈಗಾಗಲೇ ಕಾದ ಅವಧಿಯನ್ನು ಲೆಕ್ಕಕ್ಕೆ ತಗೊಳ್ಳುತ್ತೀರಾ ಅಂತ. ಹೊಸ ಪಾಲಿಸಿಯೇ ಮಾಡಿಸಬೇಕಾಗಿ ಬಂದರೂ ಈಗ 65ರ ವಯಸ್ಸಿನ ಮಿತಿ ಇಲ್ಲ, 2024ರಿಂದ ಹಳೆ ಕಾಯಿಲೆಗೆ ಕಾಯುವ ಅವಧಿಯೂ ಹೆಚ್ಚೆಂದರೆ ಮೂರು ವರ್ಷ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿಯೂ ಇಲ್ಲ. ನವೀಕರಣದ ದಿನ ತಪ್ಪದಂತೆ ಕಂತು ನಿಮ್ಮ ಭಾರತದ ಖಾತೆಯಿಂದ ತಾನಾಗಿಯೇ ಹೋಗುವ ಹಾಗೆ ಮಾಡಿ. ಪಾಲಿಸಿ ನಂಬರ್, ಕ್ಯಾಶ್‌ಲೆಸ್ ಇರುವ ಶಿವಮೊಗ್ಗದ ಆಸ್ಪತ್ರೆಗಳ ಪಟ್ಟಿ, ಅಪ್ಪನ ಆಂಜಿಯೋಪ್ಲಾಸ್ಟಿಯ ಡಿಸ್ಚಾರ್ಜ್ ಸಮ್ಮರಿ ಒಂದೇ ಫೈಲ್‌ನಲ್ಲಿರಲಿ. ಅದರ ಒಂದು ಪ್ರತಿ ಅಮ್ಮನ ಹತ್ತಿರ, ಇನ್ನೊಂದು ರಾತ್ರಿ ಹನ್ನೆರಡಕ್ಕೂ ಮನೆಗೆ ಓಡಿ ಬರಬಲ್ಲ ನೆಂಟರ ಹತ್ತಿರ ಕೊಟ್ಟು, ಆಮೇಲೆ ರಾಜೀನಾಮೆ ಪತ್ರ ಬರೆಯಿರಿ.